ಏಳು ವರ್ಷ ನಡೆಯದ ಹುಡುಗ: ಸುಂಡಿಯಾಟನ ಸಿನಿಮಾ ಸರಣಿ ನಾವೇ ಮಾಡೋದಾದ್ರೆ...

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಳ್ಳಲಾಗಿದೆ.)

ಇವತ್ತು ನೇರವಾಗಿ ಒಂದು ದೃಶ್ಯಕ್ಕೆ ಹೋಗಿಬಿಡೋಣ. ಸ್ವಲ್ಪ ಕಣ್ಣ ಮುಂದೆ ತಂದುಕೊಳ್ಳಿ.

ಮಣ್ಣಿನ ಗೋಡೆಯ ಅರಮನೆ. ಅಂಗಳದಲ್ಲಿ ಒಬ್ಬ ಹುಡುಗ ಕೂತಿದ್ದಾನೆ. ವಯಸ್ಸು ಏಳು. ಕೂತಿದ್ದಾನೆ ಯಾಕೆ ಅಂದ್ರೆ, ಅವನಿಗೆ ಎದ್ದು ನಿಲ್ಲೋಕೆ ಆಗಲ್ಲ. ತೆವಳ್ತಾನೆ. ಮಾತೂ ಕಮ್ಮಿ. ರಾಜನ ಮಗ ಹೌದು, ಆದ್ರೆ ಊರಿನ ಮಕ್ಕಳು ಅವನನ್ನ ನೋಡಿ ನಗ್ತಾರೆ. ಅವನ ತಾಯಿಯನ್ನ ನೋಡಿ ಇನ್ನೂ ಜೋರಾಗಿ ನಗ್ತಾರೆ, ಯಾಕಂದ್ರೆ ಆಕೆ ಗೂನುಬೆನ್ನಿನವಳು. ಒಂದಿನ ಆ ತಾಯಿ ಅಡುಗೆಗೆ ಸ್ವಲ್ಪ ಬಾವೋಬಾಬ್ ಸೊಪ್ಪು ಬೇಕು ಅಂತ ಹಿರಿಯ ರಾಣಿ ಹತ್ರ ಕೇಳಕ್ಕೆ ಹೋಗ್ತಾಳೆ. ಹಿರಿಯ ರಾಣಿ ಕೊಡ್ತಾಳೆ, ಕೊಡುವಾಗ ಒಂದು ಮಾತೂ ಸೇರಿಸಿ ಕೊಡ್ತಾಳೆ: ನನಗೆ ಬೇಕಾದಷ್ಟು ಸೊಪ್ಪಿದೆ, ನನ್ನ ಮಗ ಮರ ಹತ್ತಿ ತಂದುಕೊಡ್ತಾನಲ್ಲ, ನಿನ್ನ ಮಗನಿಂದ ಏನಾಗುತ್ತೆ ಅಂತ.

ತಾಯಿ ಅಳ್ತಾ ಮನೆಗೆ ಬರ್ತಾಳೆ. ಸಿಟ್ಟಲ್ಲಿ ಮಗನಿಗೂ ಒಂದೇಟು ಹಾಕ್ತಾಳೆ. ಆಗ ಆ ಹುಡುಗ ಹೇಳ್ತಾನೆ, ಕಮ್ಮಾರರಿಗೆ ಹೇಳಿ ನನಗೊಂದು ಕಬ್ಬಿಣದ ಕೋಲು ಮಾಡಿಸಿ ಅಂತ. ದಪ್ಪನೆಯ ಕೋಲು ಬರುತ್ತೆ. ಅದನ್ನ ನೆಲಕ್ಕೆ ಊರಿ, ಎರಡೂ ಕೈಯಲ್ಲಿ ಹಿಡಿದು, ನಡುಗ್ತಾ ನಡುಗ್ತಾ ಎದ್ದು ನಿಲ್ತಾನೆ. ಅವನು ನಿಂತಾಗ ಆ ಕಬ್ಬಿಣ ಬಿಲ್ಲಿನ ಹಾಗೆ ಬಾಗಿ ಹೋಗಿರುತ್ತೆ. ಅಲ್ಲಿಂದ ಸೀದಾ ನಡೆದು ಹೋಗಿ, ಬಾವೋಬಾಬ್ ಮರವನ್ನ ಬೇರು ಸಮೇತ ಕಿತ್ತು, ಹೆಗಲ ಮೇಲೆ ಹೊತ್ತು ತಂದು, ತಾಯಿಯ ಗುಡಿಸಲ ಮುಂದೆ ನೆಡ್ತಾನೆ. ಇನ್ನು ಮೇಲೆ ಸೊಪ್ಪು ಬೇಕಾದವರು ನಿಮ್ಮ ಬಾಗಿಲಿಗೇ ಬರಲಿ ಅಮ್ಮ ಅಂತ.

ಥಿಯೇಟರ್‌ನಲ್ಲಿ ಇಂಟರ್‌ವಲ್‌ಗೆ ಮುಂಚೆ ಈ ಸೀನ್ ಬಂದ್ರೆ ಶಿಳ್ಳೆ ಬೀಳುತ್ತೋ ಇಲ್ವೋ, ನೀವೇ ಹೇಳಿ.

ಈ ಹುಡುಗನ ಹೆಸರು ಸುಂಡಿಯಾಟ ಕೇಯ್ಟ. 13ನೇ ಶತಮಾನದ ಮೊದಲ ಭಾಗದಲ್ಲಿ ಪಶ್ಚಿಮ ಆಫ್ರಿಕಾದಲ್ಲಿ ಮಾಲಿ ಸಾಮ್ರಾಜ್ಯ ಕಟ್ಟಿದವನು. ತಾಯಿಯ ಹೆಸರು ಸೊಗೊಲೊನ್. ಸೊಗೊಲೊನ್‌ಳ ಜಾಟ, ಬಾಯಲ್ಲಿ ತಿರುಗಿ ತಿರುಗಿ ಸುಂಡಿಯಾಟ. ಜಾಟ ಅಂದ್ರೆ ಸಿಂಹ. ಅಂದ್ರೆ ಅವನ ಹೆಸರಲ್ಲೇ ಅಮ್ಮ ಇದ್ದಾಳೆ, ಅಪ್ಪ ಇಲ್ಲ.

ಹಾಂ, ಬಾವೋಬಾಬ್ ಅಂದ್ರೆ ಯಾವ್ದೋ ದೂರದ ಮರ ಅಂದ್ಕೋಬೇಡಿ. ಹಾವೇರಿ ಜಿಲ್ಲೆಯ ಸವಣೂರಿಗೆ ಹೋದವರು ಅಲ್ಲಿನ ಮಠದ ಆವರಣದಲ್ಲಿರೋ ಭಾರೀ ದೊಡ್ಡಹುಣಸೆ ಮರಗಳನ್ನ ನೋಡಿರ್ತೀರಿ. ಅದೇ ಜಾತಿ. ಮೂಲ ಆಫ್ರಿಕಾ. ಹತ್ತಾರು ಜನ ಕೈ ಕೈ ಹಿಡಿದು ನಿಂತ್ರೆ ಮಾತ್ರ ಬುಡವನ್ನ ಬಳಸೋಕಾಗುತ್ತೆ. ಅದನ್ನ ಒಬ್ಬ ಏಳು ವರ್ಷದ ಹುಡುಗ ಕಿತ್ತ ಅಂದ್ರೆ ಏನು ಅನ್ನೋದು ಸವಣೂರಿನ ಮರ ನೋಡಿದವರಿಗೆ ಅರ್ಥ ಆಗುತ್ತೆ.

ಈಗ ಇವತ್ತಿನ ವಿಷಯಕ್ಕೆ ಬರೋಣ. 2018ರಲ್ಲಿ ‘ಬ್ಲಾಕ್ ಪ್ಯಾಂಥರ್’ ಬಂತು. ವಕಾಂಡ, ಟಿ'ಚಾಲಾ, ಎದೆ ಮೇಲೆ ಕೈ ಕಟ್ಟಿ ಮಾಡೋ ಆ ನಮಸ್ಕಾರ, ಎಲ್ಲ ನಮಗೆ ಗೊತ್ತು. ನೂರಮೂವತ್ತು ಕೋಟಿ ಡಾಲರ್‌ಗೂ ಹೆಚ್ಚು ದುಡ್ಡು ಮಾಡಿದ ಸಿನಿಮಾ, ಮೂರು ಆಸ್ಕರ್. ನನಗೆ ತುಂಬ ಇಷ್ಟ, ಅದರಲ್ಲಿ ಮುಚ್ಚುಮರೆ ಏನಿಲ್ಲ. ಆದ್ರೆ ಒಂದು ಮಾತು. ಟಿ'ಚಾಲಾ 1966ರಲ್ಲಿ ನ್ಯೂಯಾರ್ಕ್‌ನ ಕಾಮಿಕ್ಸ್ ಪುಟದಲ್ಲಿ ಹುಟ್ಟಿದವನು. ಅವನನ್ನ ಬರೆದ ಸ್ಟ್ಯಾನ್ ಲೀ, ಚಿತ್ರ ಬಿಡಿಸಿದ ಜ್ಯಾಕ್ ಕರ್ಬಿ, ಇಬ್ಬರೂ ಅಮೆರಿಕದವರು. ವಕಾಂಡ ಅನ್ನೋ ದೇಶ ಭೂಪಟದಲ್ಲಿ ಇಲ್ಲ.

ಸುಂಡಿಯಾಟ ಇದ್ದ. 14ನೇ ಶತಮಾನದ ಕೊನೆಯಲ್ಲಿ ಬರೆದ ಅರಬ್ ಇತಿಹಾಸಕಾರ ಇಬ್ನ್ ಖಲ್ದೂನ್ ಅವನನ್ನ ಮಾರಿ ಜಾಟ ಅಂತ ಹೆಸರಿಸಿ, ಸೊಸ್ಸೊ ಜನರನ್ನ ಗೆದ್ದವನು, 25 ವರ್ಷ ಆಳಿದವನು ಅಂತ ದಾಖಲೆ ಮಾಡಿದ್ದಾನೆ. ಅಷ್ಟೇ. ಬರಹದಲ್ಲಿ ಸಿಗೋದು ಕೆಲವು ಸಾಲು. ಮಿಕ್ಕಿದ್ದೆಲ್ಲ, ಗೂನುಬೆನ್ನಿನ ತಾಯಿ, ಬಾಗಿದ ಕಬ್ಬಿಣ, ಕಿತ್ತ ಮರ, ಎಲ್ಲ ಎಂಟುನೂರು ವರ್ಷ ಬಾಯಿಂದ ಬಾಯಿಗೆ ಬಂದದ್ದು.

ಇದರ ಮೇಲೆ ಒಂದು ಸಿನಿಮಾ ಸರಣಿ ಮಾಡೋದಾದ್ರೆ ಹೇಗಿರಬೇಕು? ಇದು ನಮ್ಮ ಇವತ್ತಿನ ಆಟ. ಆಟ ಅಂದೆ, ಆದ್ರೆ ನನ್ನ ಮಟ್ಟಿಗೆ ಇದರಲ್ಲಿ ಒಂದು ಭಯಾನೂ ಇದೆ. ಅದು ಏನು ಅಂತ ಕಥೆ ಹೇಳ್ತಾ ಹೇಳ್ತಾ ಬರ್ತೀನಿ.

ಮೊದಲ ಪ್ರಶ್ನೆ: ಕಥೆ ಹೇಳೋರು ಯಾರು? ಸೂಪರ್‌ಹೀರೋ ಸಿನಿಮಾಗಳಲ್ಲಿ ಸಾಮಾನ್ಯವಾಗಿ ಈ ಪ್ರಶ್ನೆಯೇ ಬರಲ್ಲ. ಕ್ಯಾಮೆರಾ ಹೇಳುತ್ತೆ. ಇಲ್ಲಿ ಹಾಗೆ ಮಾಡೋಕಾಗಲ್ಲ. ಯಾಕಂದ್ರೆ ಮಾಂಡೆ ಜನರಲ್ಲಿ ರಾಜನ ಕಥೆ ಹೇಳೋ ಹಕ್ಕು ಎಲ್ಲರಿಗೂ ಇಲ್ಲ. ಅದು ಜೆಲಿಗಳದ್ದು. ಫ್ರೆಂಚರು ಅವರನ್ನ ಗ್ರಿಯೋ ಅಂದ್ರು, ಹೊರಗಿನ ಲೋಕದಲ್ಲಿ ಅದೇ ಹೆಸರು ನಿಂತಿದೆ. ಹಾಡುಗಾರ, ವಂಶಾವಳಿ ನೆನಪಿಟ್ಟುಕೊಳ್ಳೋನು, ರಾಜನ ಪರವಾಗಿ ಸಭೆಯಲ್ಲಿ ಮಾತಾಡೋನು, ಜಗಳ ಬಿಡಿಸೋನು, ಮದುವೆ ಮಾತುಕತೆ ಮಾಡಿಸೋನು, ಎಲ್ಲ ಅವನೇ. ನಮ್ಮಲ್ಲಿ ಮಾದಪ್ಪನ ಕಥೆಯನ್ನ ರಾತ್ರಿಯಿಡೀ ಹಾಡೋ ದೇವರಗುಡ್ಡರನ್ನ ಕೇಳಿದವರಿಗೆ ಸ್ವಲ್ಪ ಅಂದಾಜಾಗಬಹುದು. ಪೂರ್ತಿ ಅಲ್ಲ, ಸ್ವಲ್ಪ.

ಇನ್ನೊಂದು ವಿಷಯ. ಜೆಲಿಯಾಗೋದು ಹುಟ್ಟಿನಿಂದ. ಜೆಲಿಯ ಮಗ ಜೆಲಿ. ಮದುವೆಯೂ ಅವರವರಲ್ಲೇ. ಅವನಿಲ್ಲದೆ ರಾಜ ಬಾಯಿ ತೆರೆಯೋಕಾಗಲ್ಲ, ಆದ್ರೆ ರಾಜಮನೆತನದವರು ಅವನ ಮನೆಯಿಂದ ಹೆಣ್ಣು ತರಲ್ಲ. ಕಮ್ಮಾರರದ್ದೂ ಅದೇ ಕಥೆ. ಅವರ ಕೈ ಕೆಲಸ ಬೇಕು, ಅವರ ಶಕ್ತಿ ಬಗ್ಗೆ ಭಯ ಇದೆ, ಸರಿಸಮ ಕೂರಿಸೋಕೆ ಮನಸ್ಸಿಲ್ಲ. ಇದನ್ನ ನಮ್ಮೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ ಅಂದ್ಕೊಂಡಿದೀನಿ.

ಸುಂಡಿಯಾಟನ ತಂದೆ ಸಾಯೋ ಮುಂಚೆ ಮಗನಿಗೆ ಆಸ್ತಿ ಕೊಡಲಿಲ್ಲ, ಸೈನ್ಯ ಕೊಡಲಿಲ್ಲ. ತೆವಳ್ತಿದ್ದ ಆ ಹುಡುಗನನ್ನ ಕರೆದು ಒಬ್ಬ ಜೆಲಿಯನ್ನ ಕೊಟ್ಟ. ಬಲ್ಲ ಫಸೇಕೆ ಅಂತ. ನನ್ನ ಜೆಲಿಯ ಮಗ ಇನ್ನು ನಿನ್ನ ಜೆಲಿ, ಅಂತ. ಕುಯಾಟೆ ಅನ್ನೋ ಮನೆತನದವರು ಇವತ್ತಿಗೂ ತಮ್ಮ ಮೂಲಪುರುಷ ಇದೇ ಬಲ್ಲ ಫಸೇಕೆ ಅಂತಾರೆ. ನಮ್ಮ ಸಿನಿಮಾದಲ್ಲಿ ಹೀರೋ ಜೊತೆಗಿರೋ ಗೆಳೆಯ ಅಂತ ಇವನನ್ನ ಕಾಮಿಡಿಗೆ ಇಟ್ಟುಕೊಂಡ್ರೆ ಕಥೆ ಅಲ್ಲಿಗೆ ಸತ್ತ ಹಾಗೆ.

ಈ ಕಥೆ ಪುಸ್ತಕವಾಗಿ ಜಗತ್ತಿಗೆ ಸಿಕ್ಕಿದ್ದೂ ಒಬ್ಬ ಕುಯಾಟೆಯಿಂದಲೇ. ಗಿನಿ ದೇಶದ ಜಿಬ್ರಿಲ್ ತಮ್ಸೀರ್ ನಿಯಾನೆ ಅನ್ನೋ ಇತಿಹಾಸಕಾರ ಮಮಾದು ಕುಯಾಟೆ ಅನ್ನೋ ಗ್ರಿಯೋ ಹತ್ರ ಕೂತು ಕೇಳಿ, ಫ್ರೆಂಚಿನಲ್ಲಿ ಬರೆದು 1960ರಲ್ಲಿ ಪ್ರಕಟಿಸಿದ್ರು. ಆ ವರ್ಷವೇ ಮಾಲಿ ಫ್ರಾನ್ಸ್‌ನಿಂದ ಸ್ವತಂತ್ರ ಆಗಿ, ಆ ಹಳೇ ಸಾಮ್ರಾಜ್ಯದ ಹೆಸರನ್ನೇ ದೇಶಕ್ಕೆ ಇಟ್ಟುಕೊಂಡಿತು. ನಾನು ಇವತ್ತು ಹೇಳ್ತಿರೋದು ಬಹುಪಾಲು ನಿಯಾನೆ ಕೇಳಿ ಬರೆದ ಆವೃತ್ತಿ. ಬೇರೆ ಗ್ರಿಯೋಗಳ ಆವೃತ್ತಿ ಬೇರೆ. ಒಂದರಲ್ಲಿ ಕಬ್ಬಿಣದ ಕೋಲಿಂದ ಕೆಲಸ ಆಗಲ್ಲ, ತಾಯಿ ತಾನೇ ಕಾಡಿಗೆ ಹೋಗಿ ಕಡಿದು ತಂದ ಮರದ ಕೋಲು ಹಿಡಿದು ಹುಡುಗ ನಿಲ್ತಾನೆ. ನನ್ನನ್ನ ಕೇಳಿದ್ರೆ ನನಗೆ ಎರಡನೆಯದೇ ಇಷ್ಟ. ಗ್ರಾಫಿಕ್ಸ್ ಖರ್ಚೂ ಕಮ್ಮಿ.

ಸರಿ, ಮೊದಲ ಭಾಗದಲ್ಲಿ ಹುಡುಗ ಎದ್ದು ನಿಂತ. ಆಮೇಲೆ? ಎದ್ದು ನಿಂತ ತಕ್ಷಣ ಅಪಾಯ ಶುರು. ಕೂತಿದ್ದಾಗ ಎಲ್ಲರೂ ನಗ್ತಿದ್ರು, ನಿಂತ ಮೇಲೆ ಹೆದರ್ತಾರೆ. ತಂದೆ ತೀರಿಕೊಂಡ ಮೇಲೆ ಹಿರಿಯ ರಾಣಿ ಸಸ್ಸೂಮ ತನ್ನ ಮಗ ದಂಕರಾನ್‌ನನ್ನ ಪಟ್ಟಕ್ಕೆ ಕೂರಿಸಿರ್ತಾಳೆ. ಆ ಅಣ್ಣ ಮಾಡೋ ಮೊದಲ ಕೆಲಸ ನೋಡಿ: ತಮ್ಮನನ್ನ ಹೊಡೆಯಲ್ಲ, ತಮ್ಮನ ಜೆಲಿಯನ್ನ ಕಿತ್ತುಕೊಳ್ತಾನೆ. ಬಲ್ಲ ಫಸೇಕೆಯನ್ನ ರಾಯಭಾರದ ನೆಪದಲ್ಲಿ ಸೊಸ್ಸೊ ರಾಜ ಸುಮಾವೊರೊ ಹತ್ರ ಕಳಿಸಿಬಿಡ್ತಾನೆ. ಅವನು ವಾಪಸ್ ಬರಲ್ಲ. ಸುಂಡಿಯಾಟ ಕೆರಳೋದು ಆಗ. ಕಿರೀಟ ಹೋದಾಗ ಸುಮ್ಮನಿದ್ದವನು, ನನ್ನ ಜೆಲಿಯನ್ನ ನನಗೆ ವಾಪಸ್ ಕೊಡು ಅಂತ ಅಣ್ಣನ ಎದುರು ನಿಂತು ಕೂಗ್ತಾನೆ.

ತಾಯಿ, ತಂಗಿ, ತಮ್ಮನ ಜೊತೆ ಊರು ಬಿಡ್ತಾನೆ. ವರ್ಷಗಟ್ಟಲೆ ಅಲೆದಾಟ.

ಈ ಅಲೆದಾಟದ ಭಾಗವನ್ನ ಹಾಲಿವುಡ್ ಆಗಿದ್ರೆ ಒಂದು ಹಾಡಿನಲ್ಲಿ ಮುಗಿಸಿಬಿಡ್ತಿತ್ತು. ನಾನಾಗಿದ್ರೆ ಇದಕ್ಕೇ ಒಂದಿಡೀ ಸಿನಿಮಾ ಕೊಡ್ತಿದ್ದೆ. ಯಾಕೆ ಅಂದ್ರೆ ಈ ಕಥೆಯ ಅತ್ಯುತ್ತಮ ದೃಶ್ಯಗಳು ಇಲ್ಲಿವೆ, ಒಂದರಲ್ಲೂ ಕತ್ತಿ ಹೊರಗೆ ಬರಲ್ಲ.

ಜೆಡೆಬಾ ಅನ್ನೋ ಊರಿನ ರಾಜ ಮನೆಗೆ ಬಂದ ಈ ಹುಡುಗನನ್ನ ಆಟಕ್ಕೆ ಕರೀತಾನೆ. ಆಟದ ಹೆಸರು ವೊರಿ. ಹಲಗೆಯಲ್ಲಿ ಸಾಲು ಸಾಲು ಗುಳಿ, ಗುಳಿಗಳಲ್ಲಿ ಕಾಳು, ಹಂಚ್ತಾ ಹೋಗೋದು. ಅಜ್ಜಿ ಮನೆಯಲ್ಲಿ ಅಳಗುಳಿಮಣೆ ಆಡಿದವರು, ಕರಾವಳಿಯವರಾದ್ರೆ ಚೆನ್ನೆಮಣೆ, ಈಗ ತಲೆ ಆಡಿಸ್ತಿರ್ತೀರಿ. ಹೌದು, ಅದೇ ಕುಟುಂಬದ ಆಟ. ಆದ್ರೆ ಇಲ್ಲಿ ಪಣ ಬೇರೆ. ರಾಜ ಹೇಳ್ತಾನೆ: ನಾನು ಗೆದ್ರೆ ನಿನ್ನನ್ನ ಕೊಲ್ತೀನಿ, ಅದು ನನ್ನ ಪದ್ಧತಿ. ಹುಡುಗ ಹೇಳ್ತಾನೆ: ನಾನು ಗೆದ್ರೆ ಗೋಡೆಗೆ ನೇತುಹಾಕಿರೋ ಆ ಕತ್ತಿ ಕೊಡಿ. ಹಿಂದಿನ ಕಥೆ ಏನಂದ್ರೆ, ಹಿರಿಯ ರಾಣಿ ಅವನನ್ನ ಮುಗಿಸೋಕೆ ಈ ರಾಜನಿಗೆ ಚಿನ್ನ ಕಳಿಸಿದ್ದಾಳೆ. ಆ ಗುಟ್ಟು ರಾಜನ ಮಗಳಿಂದ ಹುಡುಗನಿಗೆ ಗೊತ್ತಾಗಿದೆ. ಆಟದ ಮಧ್ಯೆ ಕಾಳು ಹಾಕ್ತಾ ಹಾಡೋ ಸಾಲಿನಲ್ಲಿ ಅದನ್ನೇ ಹಾಡಿಬಿಡ್ತಾನೆ, ಚಿನ್ನ ನಿಯಾನಿಯಿಂದ ಬಂತು ಅಂತ. ರಾಜನ ಕೈ ನಿಂತುಹೋಗುತ್ತೆ. ಆಟ ಮುಗೀತು.

ಇನ್ನೊಂದು. ಕೊನೆಗೆ ಇವರು ಮೇಮಾ ಅನ್ನೋ ಊರಲ್ಲಿ ನೆಲೆ ನಿಲ್ತಾರೆ. ಇತ್ತ ತವರಿನ ಮೇಲೆ ಸುಮಾವೊರೊ ದಾಳಿ ಮಾಡಿ ಸುಟ್ಟುಹಾಕಿರ್ತಾನೆ, ಅಣ್ಣ ಓಡಿಹೋಗಿರ್ತಾನೆ. ಮಾಲಿಯ ಹಿರಿಯರು ಸುಂಡಿಯಾಟನನ್ನ ಹುಡುಕೋಕೆ ಜನ ಕಳಿಸ್ತಾರೆ. ಎಲ್ಲಿದ್ದಾನೆ ಅಂತ ಗೊತ್ತಿಲ್ಲ. ಹೇಗೆ ಹುಡುಕೋದು? ಅವರು ವ್ಯಾಪಾರಿಗಳ ಹಾಗೆ ಬಂದು ಮೇಮಾದ ಸಂತೆಯಲ್ಲಿ ಕೂತು ಬಾವೋಬಾಬ್ ಸೊಪ್ಪು, ಮಾಲಿ ಕಡೆ ಮಾತ್ರ ಸಿಗೋ ಅಡುಗೆ ಸಾಮಾನು ಮಾರ್ತಾರೆ. ಒಂದಿನ ಸಾಮಾನು ತರೋಕೆ ಬಂದ ಸುಂಡಿಯಾಟನ ತಂಗಿ ಆ ಸೊಪ್ಪನ್ನ ನೋಡಿ ನಿಂತುಬಿಡ್ತಾಳೆ. ಇದು ಇಲ್ಲಿನ ಸೊಪ್ಪಲ್ಲ, ನಮ್ಮೂರಿಂದು. ಮನೆ ಬಿಟ್ಟು ಬೇರೆ ದೇಶದಲ್ಲಿ ಕೆಲಸ ಮಾಡ್ತಾ, ಅಂಗಡಿಯಲ್ಲಿ ನುಗ್ಗೆಸೊಪ್ಪಿನ ಕಟ್ಟು ಕಂಡು ನಿಂತುಕೊಂಡವರು ಈ ಸಂಚಿಕೆ ಕೇಳ್ತಿದ್ರೆ, ನಿಮಗೆ ಈ ಸೀನ್‌ಗೆ ಹಿನ್ನೆಲೆ ಸಂಗೀತವೂ ಬೇಕಾಗಲ್ಲ.

ಯಾವ ಸೊಪ್ಪಿನ ಮಾತಿನಿಂದ ತಾಯಿ ಅತ್ತಿದ್ಲೋ, ಅದೇ ಸೊಪ್ಪು ಮಗನನ್ನ ಮನೆಗೆ ಕರೆಯುತ್ತೆ. ಆದ್ರೆ ತಾಯಿ ಮನೆಗೆ ಮರಳೋದಿಲ್ಲ. ಹೊರಡೋ ಹೊತ್ತಿಗೆ ಮೇಮಾದಲ್ಲೇ ತೀರಿಕೊಳ್ತಾಳೆ. ಮೇಮಾದ ರಾಜನಿಗೆ ಸುಂಡಿಯಾಟನನ್ನ ಬಿಡೋಕೆ ಇಷ್ಟ ಇಲ್ಲ, ಹೂಳೋ ಜಾಗಕ್ಕೆ ಬೆಲೆ ಕೊಡು ಅಂತಾನೆ. ಸುಂಡಿಯಾಟ ಒಂದು ಬುಟ್ಟಿ ಕಳಿಸ್ತಾನೆ. ಒಳಗೆ ಒಡೆದ ಮಡಕೆಯ ಚೂರು, ಗಿನಿಕೋಳಿಯ ಗರಿ, ಒಣಹುಲ್ಲು. ಸಭೆಯಲ್ಲಿದ್ದ ಒಬ್ಬ ಮುದುಕ ಅರ್ಥ ಬಿಡಿಸ್ತಾನೆ: ಜಾಗ ಕೊಡದೆ ಹೋದ್ರೆ ನಿನ್ನ ಊರಲ್ಲಿ ಉಳಿಯೋದು ಇಷ್ಟೇ, ಹಾಳುಬಿದ್ದ ಊರಲ್ಲಿ ಮಡಕೆ ಚೂರು, ಹುಲ್ಲು, ಕೋಳಿ ಕೆದಕಿದ ಮಣ್ಣು. ಜಾಗ ಸಿಗುತ್ತೆ.

ಈಗ ಖಳನಾಯಕ. ಸೊಸ್ಸೊ ರಾಜ ಸುಮಾವೊರೊ ಕಾಂಟೆ. ಕಮ್ಮಾರರ ಕುಲದವನು, ಮಾಟಗಾರ. ಅವನ ಏಳಂತಸ್ತಿನ ಗೋಪುರದ ತುದಿಯಲ್ಲಿ ಒಂದು ಗುಪ್ತ ಕೋಣೆ. ಸೋತ ರಾಜರ ತಲೆಬುರುಡೆಗಳು, ದೊಡ್ಡ ಮಡಕೆಯಲ್ಲಿ ಹಾವು, ಗೂಬೆಗಳು. ಮಧ್ಯದಲ್ಲಿ ಒಂದು ಬಾಲಫೋನ್. ಮರದ ಪಟ್ಟಿಗಳ ಕೆಳಗೆ ಸೋರೆ ಬುರುಡೆ ಕಟ್ಟಿದ ವಾದ್ಯ, ಕೋಲಿಂದ ಬಾರಿಸೋದು. ಅದನ್ನ ಸುಮಾವೊರೊ ಬಿಟ್ಟು ಯಾರೂ ಮುಟ್ಟೋ ಹಾಗಿಲ್ಲ. ಸೆರೆಯಲ್ಲಿದ್ದ ಬಲ್ಲ ಫಸೇಕೆ ಒಂದಿನ ಆ ಕೋಣೆಗೆ ನುಗ್ಗಿ ಬಾರಿಸಿಬಿಡ್ತಾನೆ. ವಾದ್ಯಗಾರನ ಬುದ್ಧಿ ನೋಡಿ, ಪ್ರಾಣ ಹೋಗೋ ಜಾಗದಲ್ಲೂ ವಾದ್ಯ ಕಂಡ್ರೆ ಕೈ ಸುಮ್ಮನಿರಲ್ಲ. ಸುಮಾವೊರೊ ಎಲ್ಲಿದ್ರೂ ಅವನಿಗೆ ಗೊತ್ತಾಗಿಬಿಡುತ್ತೆ. ಕತ್ತಿ ಹಿರಿದು ಬಾಗಿಲಿಗೆ ಬರ್ತಾನೆ. ಬಲ್ಲ ಫಸೇಕೆ ಬಾರಿಸೋದು ನಿಲ್ಲಿಸಲ್ಲ. ಅದೇ ಸ್ವರಕ್ಕೆ ಅಲ್ಲೇ, ಆ ಕ್ಷಣದಲ್ಲೇ, ಸುಮಾವೊರೊನನ್ನ ಹೊಗಳೋ ಹಾಡು ಕಟ್ಟಿ ಹಾಡ್ತಾನೆ. ಕತ್ತಿ ಕೆಳಗಿಳಿಯುತ್ತೆ. ಅಲ್ಲಿವರೆಗೂ ಆ ರಾಜನನ್ನ ಯಾರೂ ಹಾಡಿರಲಿಲ್ಲ. ಇನ್ನು ನೀನು ನನ್ನ ಜೆಲಿ ಅಂತಾನೆ.

ನನಗೆ ಈ ಇಡೀ ಕಥೆಯಲ್ಲಿ ಅತಿ ದುಃಖದ ದೃಶ್ಯ ಇದು. ಜಗತ್ತೇ ಹೆದರೋ ಮಾಟಗಾರನೊಬ್ಬ ತನ್ನ ಬಗ್ಗೆ ಒಂದು ಹಾಡು ಕೇಳಿ ಕರಗಿಹೋಗೋದು. ಅದೂ ಸೆರೆಯಾಳು ಜೀವ ಉಳಿಸ್ಕೊಳ್ಳೋಕೆ ಹಾಡಿದ ಹಾಡು.

ಅವನು ಬೀಳೋದು ಹೇಗೆ ಗೊತ್ತಾ? ಅವನಿಗೆ ಬಲವಂತದಿಂದ ಮದುವೆ ಮಾಡಿ ಕಳಿಸಿದ ನಾನಾ ತ್ರಿಬಾನ್ ಅನ್ನೋ ಹುಡುಗಿ ಇರ್ತಾಳೆ. ಅವಳು ಯಾರು? ಸೊಪ್ಪು ಕೊಟ್ಟು ಹಂಗಿಸಿದ ಆ ಹಿರಿಯ ರಾಣಿಯ ಮಗಳು. ಅವಳೇ ಅವನ ಮರ್ಮ ತಿಳ್ಕೊಂಡು, ಬಲ್ಲ ಫಸೇಕೆ ಜೊತೆ ತಪ್ಪಿಸಿಕೊಂಡು ಬಂದು, ಮಲತಮ್ಮನಿಗೆ ಹೇಳ್ತಾಳೆ. ಬಿಳಿ ಹುಂಜದ ಕಾಲಿನ ಮುಳ್ಳು ತಾಗಿದ್ರೆ ಅವನ ಶಕ್ತಿ ಹೋಗುತ್ತೆ. ಅತ್ತ ಸುಮಾವೊರೊನ ಸೋದರಳಿಯ ಫಕೋಲಿಯೂ ಸುಂಡಿಯಾಟನ ಕಡೆ ಬರ್ತಾನೆ, ಯಾಕಂದ್ರೆ ಮಾವ ಅವನ ಹೆಂಡತಿಯನ್ನೇ ಎತ್ತಿಕೊಂಡು ಹೋಗಿರ್ತಾನೆ. ಸುಮಾರು 1235ರಲ್ಲಿ ಕಿರಿನಾ ಅನ್ನೋ ಕಡೆ ಯುದ್ಧ. ಹುಂಜದ ಮುಳ್ಳು ಸಿಕ್ಕಿಸಿದ ಬಾಣ ಸುಮಾವೊರೊನ ಭುಜಕ್ಕೆ ತರಚುತ್ತೆ, ಅಷ್ಟೇ. ಅವನು ಓಡ್ತಾನೆ, ಕುಲಿಕೊರೊ ಬೆಟ್ಟದ ಗವಿಯಲ್ಲಿ ಮಾಯ ಆಗ್ತಾನೆ. ಯುದ್ಧದ ಬಗ್ಗೆ ನಾನು ಇದಕ್ಕಿಂತ ಹೆಚ್ಚು ಹೇಳಲ್ಲ, ಯುದ್ಧದ ಸೀನ್ ಹೇಗೆ ತೆಗೀಬೇಕು ಅನ್ನೋದು ಈಗ ಎಲ್ಲ ಸ್ಟುಡಿಯೋಗಳಿಗೂ ಬಾಯಿಪಾಠ.

ಇಲ್ಲಿಗೆ ಬಂದಾಗ ನನ್ನ ಭಯ ಹೇಳ್ತೀನಿ ಅಂದಿದ್ದೆ.

ಈ ಕಥೆಯನ್ನ ನಮಗೆ ಹೇಳಿದವರು ಗೆದ್ದವನ ಜೆಲಿಗಳು. ಕುಯಾಟೆಗಳು ಕೇಯ್ಟಗಳ ಜೆಲಿಗಳು. ಹಾಗಾಗಿ ಸುಮಾವೊರೊ ಬುರುಡೆ ಜೋಡಿಸಿಟ್ಟ ರಾಕ್ಷಸ. ಆದ್ರೆ ಮಾಲಿಯ ಕಿರಿನಾ ಊರಿನವನೇ ಆದ ವಾ ಕಮಿಸೊಕೊ ಅನ್ನೋ ಗ್ರಿಯೋ ಬೇರೆ ಥರ ಹೇಳಿದ್ದಾನೆ. ಅವನ ಪ್ರಕಾರ ಆ ಕಾಲದಲ್ಲಿ ಜನರನ್ನ ಹಿಡಿದು ಮಾರೋ ದಂಧೆ ಜೋರಾಗಿತ್ತು, ಸುಮಾವೊರೊ ಅದನ್ನ ನಿಲ್ಲಿಸಬೇಕು ಅಂತ ಹೊರಟವನು, ಕಮ್ಮಾರ ಕುಲದವನ ಮಾತು ನಾವು ಕೇಳಬೇಕಾ ಅಂತ ಉಳಿದವರು ಒಪ್ಪಲಿಲ್ಲ. ಇದೇ ಸತ್ಯ ಅಂತ ನಾನು ಹೇಳ್ತಿಲ್ಲ. ಎಂಟುನೂರು ವರ್ಷದ ಹಿಂದಿನದು, ಎರಡೂ ಬಾಯಿಮಾತು. ಆದ್ರೆ ಎರಡನೇ ಮಾತೂ ಅದೇ ನೆಲದ್ದು, ಅದೇ ಜೆಲಿಗಳದ್ದು. ‘ಬ್ಲಾಕ್ ಪ್ಯಾಂಥರ್’ನಲ್ಲಿ ಕಿಲ್‌ಮಾಂಗರ್ ಮಾತಾಡುವಾಗ, ಇವನು ಹೇಳ್ತಿರೋದ್ರಲ್ಲಿ ನಿಜ ಇದೆಯಲ್ಲ ಅಂತ ನಮಗೆ ಅನ್ನಿಸ್ತಲ್ಲ? ಇಲ್ಲಿ ಅದಕ್ಕೆ ಹೊಸದಾಗಿ ಸಂಭಾಷಣೆ ಬರೆಯೋದೇ ಬೇಡ.

ಗುಲಾಮಗಿರಿಯ ವಿಷಯ ಬಿಟ್ಟು ಈ ಸರಣಿ ಮಾಡೋಕಾಗಲ್ಲ. 2022ರಲ್ಲಿ ‘ದಿ ವುಮನ್ ಕಿಂಗ್’ ಬಂದಾಗ ಏನಾಯ್ತು ನೆನಪಿರಬಹುದು. ದಹೋಮಿಯ ಹೆಣ್ಣು ಸೈನಿಕರ ಕಥೆ ಅದ್ಭುತ, ಆದ್ರೆ ಆ ರಾಜ್ಯವೇ ಗುಲಾಮರ ವ್ಯಾಪಾರದಿಂದ ಬೆಳೆದದ್ದು ಅನ್ನೋದನ್ನ ಮೆತ್ತಗೆ ಮಾಡಿದ್ರು ಅಂತ ಟೀಕೆ ಬಂತು. ಮಾಲಿಯ ಸಂಪತ್ತೂ ಚಿನ್ನದಿಂದ ಮಾತ್ರ ಬಂದದ್ದಲ್ಲ. ಸುಂಡಿಯಾಟನ ವಂಶದ ಮಾನ್ಸಾ ಮೂಸಾ 1324ರಲ್ಲಿ ಮೆಕ್ಕಾಗೆ ಹೋಗುವಾಗ ಕೈರೋದಲ್ಲಿ ಎಷ್ಟು ಚಿನ್ನ ಹಂಚಿದ ಅಂದ್ರೆ ಅಲ್ಲಿ ಚಿನ್ನದ ಬೆಲೆಯೇ ಕುಸಿಯಿತು ಅನ್ನೋ ರೀಲ್ಸ್ ನೀವು ನೋಡಿರ್ತೀರಿ. ಜಗತ್ತಿನ ಇತಿಹಾಸದಲ್ಲೇ ಅತಿ ಶ್ರೀಮಂತ, ಇಷ್ಟು ಶತಕೋಟಿ ಡಾಲರ್ ಅಂತೆಲ್ಲ. ಆ ಡಾಲರ್ ಲೆಕ್ಕಕ್ಕೆ ಬುಡ ಇಲ್ಲ, ಬಿಡಿ. ಆ ಮೆರವಣಿಗೆಯಲ್ಲಿ ಸಾಮಾನು ಹೊತ್ತು ಮರಳುಗಾಡು ದಾಟಿದ ಗುಲಾಮರು ರೀಲ್ಸ್‌ನಲ್ಲಿ ಕಾಣಲ್ಲ.

ಗೆದ್ದ ಮೇಲೆ ಸುಂಡಿಯಾಟ ಕುರುಕಾನ್ ಫುಗಾ ಅನ್ನೋ ಬಯಲಲ್ಲಿ ಸಭೆ ಕರೆದು ಯಾವ ಕುಲ ಯಾವ ಕೆಲಸ, ಯಾರು ಯಾರನ್ನ ತಮಾಷೆ ಮಾಡಬಹುದು, ಯಾರನ್ನ ಗೌರವಿಸಬೇಕು ಅಂತೆಲ್ಲ ಕಟ್ಟು ಮಾಡಿದ ಅನ್ನೋದು ಪರಂಪರೆಯ ಮಾತು. ಯುನೆಸ್ಕೋ 2009ರಲ್ಲಿ ಅದನ್ನ ತನ್ನ ಪಟ್ಟಿಗೆ ಸೇರಿಸಿತು. ಜಗತ್ತಿನ ಅತಿ ಹಳೆಯ ಸಂವಿಧಾನಗಳಲ್ಲಿ ಒಂದು ಅಂತ ಈಗ ಫಾರ್ವರ್ಡ್‌ಗಳೂ ಬರ್ತವೆ. ಸ್ವಲ್ಪ ನಿಧಾನ. 44 ಕಲಮುಗಳ ಪಟ್ಟಿ ಸಿದ್ಧವಾದದ್ದು 1998ರಲ್ಲಿ, ಗಿನಿಯ ಕಂಕಾನ್ ನಗರದಲ್ಲಿ ಗ್ರಿಯೋಗಳನ್ನ ಸೇರಿಸಿ ನಡೆಸಿದ ಒಂದು ಕಾರ್ಯಾಗಾರದ ಮೇಲೆ. ಅದರಲ್ಲಿ 13ನೇ ಶತಮಾನದ್ದೆಷ್ಟು, 20ನೇ ಶತಮಾನದ್ದೆಷ್ಟು ಅಂತ ಇತಿಹಾಸಕಾರರು ಇನ್ನೂ ಜಗಳ ಆಡ್ತಿದ್ದಾರೆ. ಸಿನಿಮಾದವರು ಈ ಜಗಳವನ್ನೂ ತೋರಿಸಲಿ ಅಂತ ನನಗಾಸೆ, ತೋರಿಸಲ್ಲ ಅಂತಾನೂ ಗೊತ್ತು.

ಹಾಗಾದ್ರೆ ಗ್ರಿಯೋಗಳನ್ನ ನಂಬೋದೇ ಬೇಡವಾ ಅಂದ್ರೆ, ಅದೂ ಅಲ್ಲ. ಸ್ವತಃ ನೋಡಿದವನೊಬ್ಬನ ಸಾಕ್ಷಿ ಇದೆ. ಇಬ್ನ್ ಬತೂತಾ. ಮೊರಾಕೊದ ಈ ಪ್ರವಾಸಿ ನಮ್ಮ ಹೊನ್ನಾವರದಲ್ಲೂ ಇದ್ದು ಹೋದವನು. ಅಲ್ಲಿ ಹುಡುಗಿಯರಿಗೆ 13 ಶಾಲೆ, ಹುಡುಗರಿಗೆ 23 ಶಾಲೆ ನೋಡಿದೆ ಅಂತ ಬರೆದಿದ್ದಾನೆ. ಅದಾದ ಸುಮಾರು ಹತ್ತು ವರ್ಷಕ್ಕೆ, 1352ರಲ್ಲಿ, ಸಹಾರಾ ದಾಟಿ ಮಾಲಿಗೆ ಹೋದ. ಆಗ ಆಳ್ತಿದ್ದವನು ಮಾನ್ಸಾ ಸುಲೇಮಾನ್. ಹಬ್ಬದ ದಿನ ಆಸ್ಥಾನದಲ್ಲಿ ಒಬ್ಬ ಕುರ್ಚಿ ಮೇಲೆ ಕೂತು ಬುರುಡೆ ಕಟ್ಟಿದ ವಾದ್ಯ ಬಾರಿಸ್ತಾ ರಾಜನ ಯುದ್ಧಗಳನ್ನ ಹಾಡ್ತಾನೆ. ಆಮೇಲೆ ಹಕ್ಕಿಯ ಹಾಗೆ ಗರಿಯ ಉಡುಪು, ಮರದ ತಲೆ, ಕೆಂಪು ಕೊಕ್ಕು ಕಟ್ಟಿಕೊಂಡ ಕವಿಗಳು ಬಂದು ರಾಜನ ಎದುರು ನಿಲ್ತಾರೆ. ನೋಡೋಕೆ ನಗು ಬರುತ್ತೆ ಅಂತಾನೆ ಬತೂತಾ. ಆದ್ರೆ ಅವರು ಹೇಳೋದು ಏನು? ನೀನು ಕೂತಿರೋ ಈ ಪೀಠದ ಮೇಲೆ ಹಿಂದೆ ಇಂಥ ರಾಜ ಕೂತಿದ್ದ, ಇಂಥ ಒಳ್ಳೇದು ಮಾಡಿದ, ನೀನೂ ನಿನ್ನ ಹಿಂದೆ ಹೇಳಿಕೊಳ್ಳೋ ಹಾಗೆ ಏನಾದ್ರೂ ಮಾಡು ಅಂತ. ರಾಜನ ಮುಖಕ್ಕೆ, ತುಂಬಿದ ಸಭೆಯಲ್ಲಿ. ಕಿರಿನಾ ಯುದ್ಧ ಆಗಿ ಆಗ ನೂರಿಪ್ಪತ್ತು ವರ್ಷವೂ ಆಗಿರಲಿಲ್ಲ.

ಈ ಕಥೆ ತೆರೆಯ ಮೇಲೆ ಬಂದೇ ಇಲ್ಲ ಅಂತೇನಿಲ್ಲ. ‘ಲಯನ್ ಕಿಂಗ್’ ಇದೇ ಕಥೆ ಅಂತ ಹೇಳೋರಿದ್ದಾರೆ, ಮಾಡಿದವರು ಮಾತ್ರ ‘ಹ್ಯಾಮ್ಲೆಟ್’ ಹೆಸರು ಹೇಳ್ತಾರೆ. ಅದು ಬೇರೆ ವಿಷಯ. 1995ರಲ್ಲಿ ಬುರ್ಕಿನಾ ಫಾಸೊದ ದಾನಿ ಕುಯಾಟೆ ‘ಕೇಯ್ಟ’ ಅಂತ ಒಂದು ಸಿನಿಮಾ ಮಾಡಿದ. ಪೇಟೆಯಲ್ಲಿ ಶಾಲೆಗೆ ಹೋಗೋ ಹುಡುಗ, ಹೆಸರು ಮಾಬೊ ಕೇಯ್ಟ. ಹಳ್ಳಿಯಿಂದ ಒಬ್ಬ ಮುದುಕ ಗ್ರಿಯೋ ಬಂದು, ನಿನ್ನ ಹೆಸರಿನ ಅರ್ಥ ನಿನಗೆ ಗೊತ್ತಾ ಅಂತ ಕೇಳಿ ಈ ಕಥೆ ಶುರು ಮಾಡ್ತಾನೆ. ಹುಡುಗ ಪಾಠ ಬಿಟ್ಟು ಕಥೆ ಕೇಳ್ತಾ ಕೂರ್ತಾನೆ, ಮೇಷ್ಟ್ರಿಗೆ ಸಿಟ್ಟು, ಅಮ್ಮನಿಗೆ ಚಿಂತೆ. ಕೊನೆಗೆ ಮುದುಕ ಕಥೆ ಮುಗಿಸದೇ ಹೊರಟುಬಿಡ್ತಾನೆ. ಆ ಗ್ರಿಯೋ ಪಾತ್ರ ಮಾಡಿದವರು ನಿರ್ದೇಶಕನ ತಂದೆ ಸೊತಿಗಿ ಕುಯಾಟೆ. ಹೆಸರು ಗಮನಿಸಿದ್ರಾ? ನಿಜವಾದ ಗ್ರಿಯೋ ಮನೆತನದವರು. ಅವರ ಮುಖ ನಿಮ್ಮ ಅಪ್ಪ ಅಮ್ಮನಿಗೆ ಪರಿಚಯ ಇದ್ರೂ ಇರಬಹುದು. ಪೀಟರ್ ಬ್ರೂಕ್ ಮಾಡಿದ ‘ಮಹಾಭಾರತ’ದಲ್ಲಿ ಭೀಷ್ಮ ಅವರೇ. ಬಾಣಗಳ ಮೇಲೆ ಮಲಗಿದ್ದ ಆ ಉದ್ದನೆ ಸಣಕಲು ಮನುಷ್ಯ. ವಂಶದ ಕಥೆ ಕಾಯೋ ಮನೆತನದವನು ವಂಶ ಕಾದ ಅಜ್ಜನ ಪಾತ್ರ ಮಾಡಿದ್ದು.

ಇನ್ನು ನಮ್ಮ ಸರಣಿಯ ಕೊನೆ ಭಾಗ. ಇಲ್ಲಿ ನಿರ್ಮಾಪಕರಿಗೆ ತಲೆನೋವು. ಸುಂಡಿಯಾಟ ಹೇಗೆ ಸತ್ತ? ಸಂಕರಾನಿ ನದಿಯಲ್ಲಿ ಮುಳುಗಿ ಅಂತ ಒಂದು ಮಾತು, ಉತ್ಸವದಲ್ಲಿ ಯಾರದೋ ಬಾಣ ತಗುಲಿ ಅಂತ ಇನ್ನೊಂದು. ನಿಯಾನೆಗೆ ಕಥೆ ಹೇಳಿದ ಗ್ರಿಯೋ ಆ ಭಾಗಕ್ಕೆ ಬಂದಾಗ ಬಾಯಿ ಬಿಗಿ ಹಿಡಿದ. ಎಲ್ಲವನ್ನೂ ಎಲ್ಲರಿಗೂ ಹೇಳೋಕಲ್ಲ ಜೆಲಿ ಇರೋದು. ಹೀಗಾಗಿ ಕ್ಲೈಮ್ಯಾಕ್ಸ್ ಸಾವು ನಾನು ತೆಗೆಯಲ್ಲ.

ಟೈಟಲ್ ಕಾರ್ಡ್ ಮಾತ್ರ ನ್ಕೋ ಲಿಪಿಯಲ್ಲಿ ಇರಲಿ. ಮಾಂಡೆ ಭಾಷೆಗಳಿಗೆ ಅಂತಲೇ 1949ರಲ್ಲಿ ಹುಟ್ಟಿದ ಲಿಪಿ, ಬಲದಿಂದ ಎಡಕ್ಕೆ ಬರೆಯೋದು. ಮಾಡಿದವನ ಹೆಸರು ಸೊಲೊಮಾನಾ ಕಾಂಟೆ. ಕಾಂಟೆ! ಸುಮಾವೊರೊನ ಕುಲದ ಹೆಸರು. ಗೆದ್ದವರ ಭಾಷೆಗೆ ಅಕ್ಷರ ಕೊಟ್ಟವನ ಹೆಸರೂ ಸೋತವನ ಹೆಸರೂ ಒಂದೇ.

ಮತ್ತೆ ಮೊದಲ ಶಾಟ್? ಅದು ಈಗಾಗಲೇ ನನ್ನ ತಲೆಯಲ್ಲಿದೆ. ಆ ಗುಪ್ತ ಕೋಣೆಯ ಬಾಲಫೋನ್ ನೆನಪಿದೆಯಲ್ಲ? ಗಿನಿಯ ನಿಯಾಗಸ್ಸೊಲಾ ಅನ್ನೋ ಹಳ್ಳಿಯಲ್ಲಿ ಒಂದು ದುಂಡನೆ ಗುಡಿಸಲಲ್ಲಿ ಕುಯಾಟೆಗಳು ಒಂದು ಬಾಲಫೋನ್ ಕಾಪಾಡಿಕೊಂಡು ಬಂದಿದ್ದಾರೆ. ಸೊಸ್ಸೊ ಬಾಲ ಅಂತ ಹೆಸರು. ಸುಮಾವೊರೊನ ವಾದ್ಯ ಇದೇ ಅಂತ ಅವರ ನಂಬಿಕೆ. ಕಾಯೋ ಹಿರಿಯನನ್ನ ಬಾಲಾತಿಗಿ ಅಂತಾರೆ. ಹೊಸ ವರ್ಷ, ಹಿರಿಯರ ಸಾವು, ಇಂಥ ಸಂದರ್ಭ ಬಿಟ್ರೆ ಅದು ಹೊರಗೆ ಬರಲ್ಲ. ಮಕ್ಕಳಿಗೆ ಬೇರೆ ಬಾಲಫೋನ್ ಕೊಟ್ಟು ಕಲಿಸ್ತಾರೆ. ಎಷ್ಟನೇ ವಯಸ್ಸಿಂದ ಅಂದ್ರೆ, ಏಳು.

ಅಂಗಳ. ಬೆಳಗಿನ ಬಿಸಿಲು. ಏಳು ವರ್ಷದ ಒಂದು ಮಗು ಕೋಲು ಹಿಡಿದು ಕೂತಿದೆ. ಮೊದಲ ಪಟ್ಟಿಗೆ ಹೊಡೆಯುತ್ತೆ, ತಪ್ಪು ಸ್ವರ. ಅಜ್ಜ ಏನೂ ಹೇಳಲ್ಲ. ಮತ್ತೆ ಹೊಡೆಯುತ್ತೆ.